ಎದುರಿನಿಂದ ನೋಡಬೇಕಾದ ಮೀನು

ಮೀನು ತಿನ್ನದವರ ಮನೆಯಲ್ಲಿ ಮೀನು ಸಾಕಿದರೆ ಊರಿನ ಬಾಯಿಗೆ ಒಂದಿಷ್ಟು ಕೆಲಸ ಸಿಗುತ್ತದೆ. ನಮ್ಮ ಪಡಸಾಲೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದು ಕುಳಿತ ದಿನ ನೆರೆಮನೆಯ ಅಜ್ಜಿ ಹೊಸ್ತಿಲಲ್ಲೇ ನಿಂತು, “ಏನವ್ವಾ ಟೀಚರಮ್ಮ, ಲಿಂಗ ಕಟ್ಟಿದೋರ ಮನ್ಯಾಗೆ ಮೀನು ಬಂದಾವಂತಲ್ಲ, ಸಾರು ಮಾಡಾಕೇನು?” ಎಂದು ಕೇಳಿದರು. ನಮ್ಮ ಅತ್ತೆ ಒಳಗಿನಿಂದಲೇ “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಗೊಣಗಿದರು. ಹಿಟ್ಟಿಗೇನೂ ಕೊರತೆಯಿರಲಿಲ್ಲ. ಆದರೆ ಒಂದೊಂದು ಮೀನಿಗೆ ಏಳುನೂರು ರೂಪಾಯಿ ಎಂದು ಕೇಳಿದ ಮೇಲೆ ಅವರಿಗೆ ಬೇರೆ ಗಾದೆ ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ.

ಇದೆಲ್ಲ ನನ್ನ ಮಗನ ಕಾರುಬಾರು. 2020ರಲ್ಲಿ ಕೊರೊನಾ ಬಂದು ಬೆಂಗಳೂರಿನ ಕಂಪೆನಿಗಳೆಲ್ಲ ಬಾಗಿಲು ಹಾಕಿಕೊಂಡಾಗ ಅವನು ಲ್ಯಾಪ್‌ಟಾಪ್ ಹಿಡಿದು ಉಜ್ಜಿನಿಗೆ ಬಂದ. ಮಾಳಿಗೆಯ ಕೋಣೆಯಲ್ಲಿ ಕೂತು ಹಗಲೆಲ್ಲ ಕೆಲಸ ಮಾಡುವ ಹುಡುಗನಿಗೆ ಕಣ್ಣಿಗೆ ತಂಪಾಗಲೆಂದೋ ಏನೋ, ಮರುವರ್ಷ ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಕಡೆಯಿಂದ ಐದು ಡಿಸ್ಕಸ್ ಮೀನುಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ತಂದ. 2022ರಲ್ಲಿ ಕಂಪೆನಿಯವರು ವಾಪಸು ಕರೆದರು. ಅವನು ಹೋದ, ಮೀನುಗಳು ಉಳಿದವು. ಮಕ್ಕಳು ಬಿಟ್ಟುಹೋದದ್ದನ್ನು ತಾಯಂದಿರು ಸಾಕುವುದು ಈ ಲೋಕಕ್ಕೇನು ಹೊಸದೇ?

ಡಿಸ್ಕಸ್ ನೋಡದವರಿಗೆ ಹೇಳುತ್ತೇನೆ. ಊಟದ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದಕ್ಕೆ ಕಣ್ಣು, ಬಾಯಿ, ರೆಕ್ಕೆ ಬರೆದು ನೀರಿಗೆ ಬಿಟ್ಟರೆ ಹೇಗಿರುತ್ತದೋ ಹಾಗೆ. ನಾನು ಅದಕ್ಕೆ ತಟ್ಟೆಮೀನು ಎಂದೇ ಹೆಸರಿಟ್ಟೆ. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕವಲುಗಳು. 1840ರಲ್ಲಿ ಆಸ್ಟ್ರಿಯಾದ ಹೆಕಲ್ ಎಂಬ ವಿದ್ವಾಂಸ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಬಿಸಿಯಾದ, ಮೆದುವಾದ, ಎಲೆ ಕೊಳೆತು ಚಹದ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಬಾಳಿದ ಕುಲ ಇದು. ಇದರ ಒಂದು ಗುಣ ಕೇಳಿ ಅತ್ತೆಯ ಗೊಣಗಾಟವೂ ನಿಂತುಬಿಟ್ಟಿತು. ಮೊಟ್ಟೆಯೊಡೆದ ಮರಿಗಳಿಗೆ ತಂದೆ ತಾಯಿ ಎರಡೂ ತಮ್ಮ ಮೈಮೇಲೆ ಒಸರುವ ಲೋಳೆಯನ್ನೇ ಉಣಿಸುತ್ತವೆ. ಮರಿಗಳು ಗುಂಪುಗುಂಪಾಗಿ ಮೈಗಂಟಿಕೊಂಡು ಮೇಯುತ್ತವೆ. “ಹಂಗಾದ್ರೆ ಇದು ಮೀನಲ್ಲ ಬಿಡು, ಆಕಳ ಜಾತಿ” ಎಂದು ಅತ್ತೆ ತೀರ್ಪು ಕೊಟ್ಟರು. ಡಿಸ್ಕಸ್ ಸಾಕುವ ಎಷ್ಟೋ ಜನ ದನದ ಹೃದಯವನ್ನು ಅರೆದು ಅದಕ್ಕೆ ಉಣಿಸುತ್ತಾರೆ ಎಂಬ ಸಂಗತಿಯನ್ನು ನಾನು ಆ ತೀರ್ಪಿನ ಎದುರು ಬಾಯಿಬಿಡಲಿಲ್ಲ. ನಮ್ಮ ಮೀನುಗಳಿಗೆ ಅಂಗಡಿಯ ಕಾಳಿನಂಥ ಆಹಾರವಿತ್ತು. ಜೊತೆಗೆ ಹೆಪ್ಪುಗಟ್ಟಿಸಿದ ಕೆಂಪುಹುಳದ ಬಿಲ್ಲೆಗಳು ಫ್ರಿಜ್ಜಿನಲ್ಲಿ ಒಂದು ಡಬ್ಬಿಯೊಳಗೆ ಡಬ್ಬಿಯಾಗಿ ಅಡಗಿ ಕೂತಿದ್ದವು.

ಮಗ ಹೋಗಿ ಎರಡು ತಿಂಗಳಾಗಿರಬೇಕು. ಐದರಲ್ಲಿ ಒಂದು ಮೀನು ಬಣ್ಣ ಕಪ್ಪಾಗಿಸಿಕೊಂಡು ಮೂಲೆ ಸೇರಿತು. ಕಾಳು ಹಾಕಿದರೆ ಮುಂದೆ ಬರುವುದು, ಬಾಯಿಗೆ ತೆಗೆದುಕೊಳ್ಳುವುದು, ಎರಡು ಸಲ ಚಪ್ಪರಿಸಿ ಉಗುಳಿಬಿಡುವುದು. ನಾನು ಪಡಸಾಲೆಯ ಕುರ್ಚಿಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಅದನ್ನು ನೋಡುತ್ತಿದ್ದೆ. ಕುರ್ಚಿಯಿಂದ ಕಾಣುವುದು ಅದರ ಪಕ್ಕೆ. ಪಕ್ಕೆಯಿಂದ ನೋಡಿದರೆ ತಟ್ಟೆ ತಟ್ಟೆಯೇ. ದುಂಡಗಿತ್ತು, ಅಗಲವಾಗಿತ್ತು. ಏನಾದೀತು, ಮಗನನ್ನು ನೆನೆಸಿಕೊಂಡಿರಬೇಕು ಎಂದುಕೊಂಡೆ.

ಒಂದು ದಿನ ತೊಟ್ಟಿಯ ಕಡೆಗೋಡೆಯ ಗಾಜು ಒರೆಸಲು ಹೋದಾಗ ಆ ಮೀನು ನನ್ನತ್ತ ಮುಖಮಾಡಿ ನಿಂತಿತ್ತು. ನನಗೆ ಎದೆ ಧಸಕ್ಕೆಂದಿತು. ಎದುರಿನಿಂದ ಅದು ಮೀನೇ ಆಗಿರಲಿಲ್ಲ, ಕುಡುಗೋಲಿನ ಅಲಗು. ಕಣ್ಣುಗಳ ಮೇಲಿನ ಹಣೆಯಲ್ಲಿ ಮಾಂಸ ಕರಗಿ, ಎರಡೂ ಬದಿ ಗುಳಿ ಬಿದ್ದು, ತಲೆಯ ಮೂಳೆ ಗೀರಿನ ಹಾಗೆ ಎದ್ದಿತ್ತು. ಹೊಟ್ಟೆ ಒಳಕ್ಕೆ ಸೇದಿಕೊಂಡಿತ್ತು. ಪಕ್ಕದಲ್ಲಿದ್ದ ಇನ್ನೊಂದು ಮೀನನ್ನು ಎದುರಿನಿಂದ ನೋಡಿದೆ. ಅದರ ಹಣೆ ತುಂಬಿಕೊಂಡು ಉಬ್ಬಿತ್ತು. ಎರಡು ತಿಂಗಳಿನಿಂದ ದಿನಾ ನೋಡುತ್ತಿದ್ದ ನಾನು ಏನನ್ನು ನೋಡುತ್ತಿದ್ದೆ?

ಆಮೇಲೆ ನಾನು ಮಾಡಿದ್ದು ಎಲ್ಲ ತಾಯಂದಿರೂ ಮಾಡುವ ಕೆಲಸ. ಬಡಕಲಾಗಿದೆಯಲ್ಲ, ಹೆಚ್ಚಿಗೆ ಉಣಿಸು. ದಿನಕ್ಕೆ ಎರಡು ಸಲ ಇದ್ದದ್ದನ್ನು ನಾಲ್ಕು ಸಲ ಮಾಡಿದೆ. ಗಟ್ಟಿ ಇದ್ದ ನಾಲ್ಕು ಇನ್ನೂ ಗಟ್ಟಿಯಾದವು. ಬಡವ ಅಲ್ಲೇ ಉಳಿದ. ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆಯಿತು. ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಮೀನಿನ ಕಿವಿರುಗಳನ್ನು ಸುಡುತ್ತದೆ. ನೀರು ತಿಳಿಯಾಗಿಯೇ ಕಾಣುತ್ತಿದ್ದರೂ ವಿಷವಾಗಿರುತ್ತದೆ. ಐದೂ ಮೀನುಗಳು ಏದುಸಿರು ಬಿಡತೊಡಗಿದವು. ಆಗ ನನಗೆ ಎರಡನೆಯ ಜಾಣತನ ಹೊಳೆಯಿತು. ಹೊಟ್ಟೆಯಲ್ಲಿ ಹುಳ ಇರಬೇಕು! ಮೀನಿನಂಗಡಿಯಿಂದ ಹುಳದ ಔಷಧಿ ತರಿಸಿ, ಬಾಟಲಿಯ ಮೇಲೆ ಬರೆದಷ್ಟನ್ನು ಸುರಿದೆ. ಎಂಟನೆಯ ದಿನ ಆ ಮೀನು ತೇಲಿತು. ಔಷಧಿಯಿಂದ ಸತ್ತಿತೆಂದು ಹೇಳಲಾರೆ. ಆದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಕೂತ ಆ ಎಂಟು ದಿನ ಇದ್ದ ರೋಗಕ್ಕೆ ಲಾಭವಾಯಿತು. ಅತ್ತೆ ಹಿತ್ತಲಿನ ಕರಿಬೇವಿನ ಬುಡದಲ್ಲಿ ಅದನ್ನು ಹೂಳಿಸಿದರು. ಅಷ್ಟರಲ್ಲಿ ಇನ್ನೊಂದು ಮೀನಿನ ಮೈ ಕಪ್ಪಾಗತೊಡಗಿತ್ತು.

ಕೊಟ್ಟೂರಿಗೆ ಹೋದಾಗ ಪರಿಚಯದ ಪಶುವೈದ್ಯರೊಬ್ಬರನ್ನು ನಾಚಿಕೆ ಬಿಟ್ಟು ಕೇಳಿದೆ. ಎಮ್ಮೆ, ಕುರಿ ನೋಡುವ ಮನುಷ್ಯ. ಮೀನೆಂದಾಗ ಜೋರಾಗಿ ನಕ್ಕರು. ನಕ್ಕು ಮುಗಿಸಿ ಕೇಳಿದ ಮೊದಲ ಪ್ರಶ್ನೆ ಮಾತ್ರ ಲಕ್ಷ ರೂಪಾಯಿಯದು: “ಸಗಣಿ ಹೆಂಗ್ ಹಾಕ್ತೈತ್ರಿ ಅಕ್ಕೋರೆ?”

ನಾನು ನೋಡಿರಲಿಲ್ಲ.

“ಎಮ್ಮೆ ಸೊರಗಿದ್ರೂ ನಾವ್ ಮೊದ್ಲು ಕೇಳಾದು ನಾಕೇ ಮಾತ್ರಿ. ನೀರು ಎಂಥಾದ್ದು ಕುಡಿತೈತಿ, ಗ್ವಾದ್ಲ್ಯಾಗ ಬ್ಯಾರೆ ದನ ತಿನ್ನಾಕ ಬಿಡ್ತಾವೋ ಇಲ್ಲೋ, ಮೇವು ಬಾಯಾಗ ಹೋಗ್ತೈತೋ ಇಲ್ಲೋ, ಹೋಗಿದ್ದು ಹೆಂಗ್ ಹೊರಗ ಬರ್ತೈತಿ. ಈ ನಾಕೂ ನೋಡಿದ ಮ್ಯಾಲೆ ಔಷಧಿ ಮಾತು.”

ಮನೆಗೆ ಬಂದು ಆ ನಾಲ್ಕನ್ನೂ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ. ಮೊದಲನೆಯದು ನೀರು. ನಮ್ಮದು ಬಯಲುಸೀಮೆಯ ಬೋರಿನ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಪದರು ಕಟ್ಟುತ್ತದೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಡಿಸ್ಕಸ್‌ಗಳು ಒಂದಿಷ್ಟು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ಅವುಗಳಿಗೆ ಆಗದಿರುವುದು ಇವತ್ತೊಂದು ನಾಳೆಯೊಂದು ನೀರು, ಮತ್ತು ಹೊಲಸು ನೀರು. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದ ನೀರನ್ನು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಿ, ಒಂದು ರಾತ್ರಿ ಡ್ರಮ್ಮಿನಲ್ಲಿಟ್ಟು, ತೊಟ್ಟಿಯಷ್ಟೇ ಬಿಸಿ ಮಾಡಿ, ದಿನಾ ಕಾಲುಭಾಗ ಬದಲಾಯಿಸತೊಡಗಿದೆ. ನಮ್ಮ ಯಜಮಾನರು ಕ್ಯಾನು ಹೊತ್ತು ಹೊತ್ತು, “ಮಗನ ಸೊಸಿ ಬರಲಿ ಅಂತ ನೀರು ಹೊರಬೇಕಿತ್ತು, ಮೀನಿಗೆ ಹೊರಾಕತ್ತೀನಿ” ಎಂದರು.

ಎರಡನೆಯದು ಗೋದಲಿ. ಒಂದು ಗಂಟೆ ಪೆನ್ನು ಹಿಡಿದು ಕೂತು ನೋಡಿದೆ. ಎಲ್ಲಕ್ಕಿಂತ ದೊಡ್ಡ ಮೀನು ಕಾಳು ಬಿದ್ದ ಕಡೆಗೆಲ್ಲ ನುಗ್ಗಿ ಸೊರಗಿದ್ದನ್ನು ಹನ್ನೊಂದು ಸಲ ಅಟ್ಟಿತು. ಡಿಸ್ಕಸ್ ಮೀನುಗಳಲ್ಲಿ ಮೇಲು ಕೀಳಿನ ಸಾಲು ಬಹಳ. ಸಂಖ್ಯೆ ಕಡಿಮೆಯಾದಷ್ಟೂ ಕೊನೆಯದರ ಪಾಡು ಕಷ್ಟ. ಸೊರಗಿದ್ದನ್ನು ಬೇರೆ ಮಾಡಲೇಬೇಕಿತ್ತು. ಅರವತ್ತು ಲೀಟರಿನ ಇನ್ನೊಂದು ಚಿಕ್ಕ ತೊಟ್ಟಿ, ಅದಕ್ಕೊಂದು ಹೀಟರು, ಗಾಳಿಯ ಪಂಪು ಬಂದವು. ಮೂರನೆಯದು ಬಾಯಿ. ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿತ್ತು, ಹಸಿವು ಇದ್ದೂ ಇಲ್ಲದ ಹಾಗೆ.

ನಾಲ್ಕನೆಯದು ಪಶುವೈದ್ಯರ ಸಗಣಿ. ಬೇರೆ ತೊಟ್ಟಿಯ ತಳ ಬರಿದಾಗಿದ್ದರಿಂದ ಈಗ ಅದು ಕಾಣುವಂತಿತ್ತು. ಚೆನ್ನಾಗಿ ಉಂಡ ಮೀನಿನ ಮಲ ತಿಂದ ಆಹಾರದ ಬಣ್ಣಕ್ಕಿದ್ದು ಬೇಗ ಕಳಚಿ ಬೀಳುತ್ತದೆ. ಇದರದ್ದು ಬಿಳಿಯ ನೂಲು. ಶಾವಿಗೆಯ ಎಳೆಯ ಹಾಗೆ ಜೋತಾಡುತ್ತಿತ್ತು. ಅದು ಅನ್ನವಲ್ಲ, ಕರುಳಿನ ಒಳಪದರದ ಲೋಳೆ. ಬಿಳಿ ನೂಲು ಕಂಡ ಕೂಡಲೇ ಇಂಥದೇ ರೋಗ ಎನ್ನುವಂತಿಲ್ಲ. ಉಪವಾಸವಿದ್ದ ಮೀನೂ ಹಾಗೇ ಹಾಕುತ್ತದೆ. ಕರುಳಿನಲ್ಲಿ ಹೆಕ್ಸಾಮಿಟಾ, ಸ್ಪೈರೊನ್ಯೂಕ್ಲಿಯಸ್ ಎಂಬ ಬಾಲದ ಸೂಕ್ಷ್ಮಜೀವಿಗಳಿರಬಹುದು. ಕೂದಲಿನಂಥ ಕ್ಯಾಪಿಲೇರಿಯಾ ಹುಳವಿರಬಹುದು. ಮೀನಿನ ಕ್ಷಯವೂ ಇರಬಹುದು. ಅದಕ್ಕೆ ನೆಚ್ಚುವಂಥ ಮದ್ದಿಲ್ಲ, ಕೈಯಲ್ಲಿ ಗಾಯವಿದ್ದರೆ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ. ಆ ದಿನದಿಂದ ರಬ್ಬರ್ ಕೈಚೀಲ ಹಾಕಿಕೊಳ್ಳದೆ ತೊಟ್ಟಿಗೆ ಕೈ ಹಾಕಿಲ್ಲ.

ಮೂರು ರೋಗ, ಮೂರು ದಾರಿ. ಹೊರಗಿನಿಂದ ನೋಡಿದರೆ ಮೂರರದ್ದೂ ಒಂದೇ ಚಹರೆ: ಬಡಕಲು.

ನಮ್ಮ ಊರಿನ ಬಗ್ಗೆ ಒಂದು ಹಳೆಯ ಮಾತಿದೆ: ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’. ಮರುಳಸಿದ್ಧೇಶ್ವರ ಸ್ವಾಮಿಯ ಗುಡಿಯ ಒಳಗಿನ ಕೆತ್ತನೆಯನ್ನು ಕುರಿತು ಹುಟ್ಟಿದ ಮಾತು ಅದು. ವೈಶಾಖದಲ್ಲಿ ಶಿಖರಕ್ಕೆ ತೈಲಾಭಿಷೇಕ ಆಗುವಾಗ ಸಾವಿರಾರು ಜನ ಹೊರಗೆ ನಿಂತು ಮೇಲೆ ನೋಡುತ್ತಾರೆ. ಒಳಗೆ ಹೋಗಿ ಕತ್ತೆತ್ತಿ ಚಾವಣಿಯ ಕೆತ್ತನೆ ನೋಡುವವರು ಕಡಿಮೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಈ ಗಾದೆ ಹೇಳಿಕೊಟ್ಟವಳು ನಾನು. ಈಗ ಮೀನಿನ ವಿಷಯದಲ್ಲಿ ಅದನ್ನು ಪಾಲಿಸಬೇಕಾಗಿ ಬಂತು.

ನಮ್ಮ ವಿಜ್ಞಾನದ ಮೇಷ್ಟ್ರು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಭಾನುವಾರ ಶಾಲೆಯ ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಮಲ ತೀರ ಹೊಸದಿರಬೇಕು. ಹೊತ್ತಾದರೆ ಆ ಜೀವಿಗಳು ಅಲುಗಾಡದೆ ಸತ್ತುಹೋಗುತ್ತವೆ, ಆಮೇಲೆ ಗುರುತು ಸಿಗುವುದಿಲ್ಲ. ಇಬ್ಬರು ಸರ್ಕಾರಿ ಶಿಕ್ಷಕರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಒಂದು ಮೀನು ಯಾವಾಗ ಹೇಲುತ್ತದೋ ಎಂದು ಎರಡು ಗಂಟೆ ಕಾದೆವು. ಕೊನೆಗೆ ಬಿಳಿ ಎಳೆ ಬಿತ್ತು. ಡ್ರಾಪರಿನಿಂದ ಎತ್ತಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ ಅವರು ಕಣ್ಣಿಟ್ಟರು. ಒಂದು ನಿಮಿಷ ಮಾತಿಲ್ಲ. “ಮೇಡಂ, ಜಾತ್ರೆ ನಡೆದಿದೆ ಇಲ್ಲಿ” ಎಂದರು. ನಾನೂ ನೋಡಿದೆ. ನಾಲ್ಕುನೂರು ಪಟ್ಟು ದೊಡ್ಡದಾದ ಆ ಹನಿಯಲ್ಲಿ ಪುಟ್ಟ ಪುಟ್ಟ ಚುಕ್ಕೆಗಳು ಅತ್ತಿಂದಿತ್ತ ಬಾಣ ಬಿಟ್ಟಂತೆ ಓಡುತ್ತಿದ್ದವು. ಎರಡೂ ತುದಿಗೆ ಬಿರಡೆ ಹಾಕಿದ ನಿಂಬೆಹಣ್ಣಿನಂಥ ಹುಳದ ಮೊಟ್ಟೆಗಳಿಗಾಗಿ ಪಟ್ಟಿಯನ್ನೆಲ್ಲ ಹುಡುಕಿದೆವು. ಒಂದೂ ಇರಲಿಲ್ಲ. ಹುಳವೆಂದುಕೊಂಡು ನಾನು ಸುರಿದ ಬಾಟಲಿ ಅಲ್ಲೇ ಕಪಾಟಿನ ಮೇಲೆ ನನ್ನನ್ನೇ ನೋಡುತ್ತಿತ್ತು.

ಮದ್ದು ನಮಗೆಲ್ಲ ಗೊತ್ತಿರುವುದೇ. ಆಮಶಂಕೆಗೆ ಡಾಕ್ಟರು ಬರೆದುಕೊಡುವ ಮೆಟ್ರೊನಿಡಜೋಲ್. ಪಶುವೈದ್ಯರೇ ಲೆಕ್ಕ ಹಾಕಿ ಚೀಟಿ ಬರೆದುಕೊಟ್ಟರು. ಅರವತ್ತು ಲೀಟರ್ ನೀರಿಗೆ 400 ಮಿಲಿಗ್ರಾಂ, ಅಂದರೆ ಒಂದು ಗುಳಿಗೆ. ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಪುಡಿ ಮಾಡಿ ಬೆಚ್ಚನೆ ನೀರಿನಲ್ಲಿ ಕದಡಿ ಹಾಕಬೇಕು. ದಿನಕ್ಕೊಂದು ಸಲ, ಮೂರು ದಿನ. ಪ್ರತಿ ಸಲ ಹಾಕುವ ಮುಂಚೆ ಅರ್ಧ ನೀರು ಬದಲಿಸಬೇಕು. ಹೀಟರನ್ನು 32 ಡಿಗ್ರಿಗೆ ಏರಿಸಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಗಾಳಿಯ ಪಂಪು ಜೋರು ಮಾಡಬೇಕು. ಮೀನು ತಿನ್ನುವ ಸ್ಥಿತಿಯಲ್ಲಿದ್ದರೆ ಆಹಾರದಲ್ಲೇ ಮದ್ದು ಬೆರೆಸುವುದು ಮೇಲು, ನೇರ ಕರುಳಿಗೆ ತಲುಪುತ್ತದೆ. ಇದು ತಿನ್ನುತ್ತಿರಲಿಲ್ಲ, ಹಾಗಾಗಿ ನೀರೇ ಗತಿ. ಮದ್ದಿಗೆ ಮೊದಲು ಅಡುಗೆಮನೆಯ ತಕ್ಕಡಿಯ ಮೇಲೆ ನೀರಿನ ಬೋಗುಣಿ ಇಟ್ಟು, ಸೊನ್ನೆ ಮಾಡಿ, ಮೀನನ್ನು ಬಿಟ್ಟು ತೂಗಿದೆ. 38 ಗ್ರಾಂ. ಅದರ ಜೊತೆ ಬಂದ, ಅದೇ ಅಳತೆಯ ಇನ್ನೊಂದು ಮೀನು 61 ಗ್ರಾಂ.

ಮೂರನೆಯ ದಿನ ಕರೆಂಟ್ ಹೋಗಿ, ಬಕೆಟ್ಟಿನಲ್ಲಿ ಬಿಸಿನೀರು ಕಾಯಿಸಿ ಬಾಟಲಿಗಳಿಗೆ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟು ರಾತ್ರಿ ಕಳೆದೆ. ಐದನೆಯ ದಿನ ಬೆಳಿಗ್ಗೆ ಕರಗಿಸಿದ ಕೆಂಪುಹುಳದ ಒಂದು ಚಿಟಿಕೆ ಹಾಕಿದಾಗ ಮೀನು ಬಾಯಿಗೆ ತೆಗೆದುಕೊಂಡಿತು. ನಾನು ಉಸಿರು ಹಿಡಿದು ನೋಡಿದೆ. ಉಗುಳಲಿಲ್ಲ.

ನುಂಗಿದ್ದನ್ನು ನೋಡಿ ಅಳು ಬಂತು. ಮೀನಿಗೆ ಯಾರಾದರೂ ಅಳುತ್ತಾರೆಯೇ ಎಂದು ಯಜಮಾನರು ಕೇಳಿದರು. ಆ ಅಳು ಮೀನಿನದಾಗಿರಲಿಲ್ಲ. ಅವರಿಗೆ ಆಗ ಹೇಳದೆ ಹೋದದ್ದನ್ನು ಇಲ್ಲಿ ಬರೆಯುತ್ತೇನೆ.

2009ರ ಮಾತು. ಬಡ್ತಿ ಪಡೆದು ಪ್ರೌಢಶಾಲೆಗೆ ಬರುವ ಮುಂಚೆ ನಾನು ಬೇರೊಂದು ಊರಿನ ಪ್ರಾಥಮಿಕ ಶಾಲೆಯಲ್ಲಿದ್ದೆ. ಆರನೆಯ ತರಗತಿಯಲ್ಲಿ ಒಬ್ಬ ಹುಡುಗಿ. ಚುರುಕು. ಕನ್ನಡ ಪಾಠವನ್ನು ರಾಗವಾಗಿ ಓದುವಳು. ದೀಪಾವಳಿ ರಜೆ ಮುಗಿದು ಬಂದ ಮೇಲೆ ಅವಳು ಪದೇ ಪದೇ ಎದ್ದು ನಿಲ್ಲತೊಡಗಿದಳು. “ಅಕ್ಕೋರೆ, ಒಂದಕ್ಕೆ.” ಹೋಗಿ ಬಂದವಳು ಕೊಡದ ಹತ್ತಿರ ನಿಂತು ಎರಡು ಲೋಟ ನೀರು ಕುಡಿಯುವಳು. ಮತ್ತೆ ಅರ್ಧ ಗಂಟೆಗೆ ಎದ್ದು ನಿಲ್ಲುವಳು. ಪಾಠ ತಪ್ಪಿಸುವ ಉಪಾಯವೆಂದು ನಾನು ತಿಳಿದೆ. ಒಂದು ದಿನ “ಗಂಟೆ ಹೊಡೆಯೋ ತನಕ ಕೂಡ್ರು” ಎಂದು ಗದರಿಸಿ ಕೂಡ್ರಿಸಿದೆ. ಬೆಂಚಿನ ಮೇಲೇ ಆಗಿಹೋಯಿತು. ಹುಡುಗರು ನಕ್ಕರು. ಆ ನಗುವನ್ನು ನಿಲ್ಲಿಸಲು ನಾನು ಮೇಜು ಕುಟ್ಟಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಬಿಸಿಯೂಟದ ಅಡುಗೆಯಾಕೆ ಒಮ್ಮೆ ಹೇಳಿದ್ದಳು: “ಈ ಹುಡುಗಿ ಇಬ್ರ ಅನ್ನ ಉಣ್ತಾಳ್ರಿ ಅಕ್ಕೋರೆ, ಅದೆಲ್ಲಿ ಹೋಗ್ತೈತೋ ಏನೋ. ಲಂಗ ಸೊಂಟದಾಗ ನಿಲ್ಲವಲ್ದು.” ಉಣ್ಣುತ್ತಾಳೆ, ಸೊರಗುತ್ತಾಳೆ. ಇದನ್ನು ಕೇಳಿಯೂ ನಾನು ಹೇಳಿದ್ದು ಒಂದೇ ಮಾತು: ಹೊಟ್ಟೆಯಲ್ಲಿ ಹುಳ ಇರಬೇಕು. ಆರೋಗ್ಯ ಇಲಾಖೆಯವರು ಶಾಲೆಗೆ ಕೊಟ್ಟುಹೋಗಿದ್ದ ಜಂತುಹುಳದ ಗುಳಿಗೆಯನ್ನು ನನ್ನ ಕೈಯಾರೆ ಕೊಟ್ಟು, ಜಗಿದು ನುಂಗುವ ತನಕ ಎದುರಿಗೆ ನಿಂತಿದ್ದೆ. ಆ ಗುಳಿಗೆ ಒಳ್ಳೆಯದೇ. 2015ರಿಂದ ಫೆಬ್ರುವರಿ 10ರಂದು ಶಾಲೆಗಳಲ್ಲಿ ಅದನ್ನು ಕೊಡುವ ಏರ್ಪಾಡಾಗಿದೆ, ನಾನೇ ಎಷ್ಟೋ ನೂರು ಮಕ್ಕಳಿಗೆ ಕೊಟ್ಟಿದ್ದೇನೆ. ಆದರೆ ಅವಳ ಹೊಟ್ಟೆಯಲ್ಲಿ ಹುಳವಿರಲಿಲ್ಲ. ಗುಳಿಗೆ ಕೊಟ್ಟ ಸಮಾಧಾನದಲ್ಲಿ ನಾನು ಆಮೇಲೆ ಅವಳನ್ನು ನೋಡುವುದನ್ನೇ ಬಿಟ್ಟೆ. ಎರಡು ವಾರದ ನಂತರ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ದಾವಣಗೆರೆಗೆ ಒಯ್ದರು. ಸಕ್ಕರೆ ಕಾಯಿಲೆ. ಮಕ್ಕಳಿಗೆ ಬರುವ ತರಹದ್ದು. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಉಂಡದ್ದು ಮೈಗೆ ಹತ್ತದೆ ಸಕ್ಕರೆಯಾಗಿ ಮೂತ್ರದಲ್ಲಿ ಹರಿದು ಹೋಗುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಉಂಡರೂ ಸೊರಗುವುದು. ಮೂರೂ ಗುರುತು ನನ್ನ ಕಣ್ಣೆದುರಿಗೇ ಇದ್ದವು. ಒಂದನ್ನು ನಾನು ಸೋಮಾರಿತನವೆಂದೆ, ಒಂದನ್ನು ಉಪಾಯವೆಂದೆ, ಒಂದಕ್ಕೆ ಗುಳಿಗೆ ಕೊಟ್ಟೆ.

ಅವಳು ಬದುಕಿದಳು. ನನ್ನ ಜಾಣತನದಿಂದಲ್ಲ. ತಿಂಗಳ ಮೇಲೆ ಅವಳ ತಾಯಿ ಶಾಲೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, “ನೀವಾದ್ರೂ ಗುಳಿಗಿ ಕೊಟ್ಟು ನೋಡ್ಕೊಂಡ್ರಿ ಅಕ್ಕೋರೆ, ನಾವು ತಾಯಿ ತಂದಿ ಅನಿಸ್ಕೊಂಡೋರು ಅಷ್ಟೂ ಮಾಡ್ಲಿಲ್ಲ” ಎಂದಳು. ನಾನು ಏನೂ ಹೇಳಲಿಲ್ಲ. ಬೆಂಚಿನ ಸಂಗತಿಯನ್ನು ಮಗಳು ಮನೆಯಲ್ಲಿ ಹೇಳಿರಲಿಲ್ಲವೆಂದು ಕಾಣುತ್ತದೆ. ಆ ಧನ್ಯವಾದವನ್ನು ಕೈಚಾಚಿ ಇಸಿದುಕೊಂಡು ಹದಿನೈದು ವರ್ಷಕ್ಕೆ ಮೇಲೆ ಇಟ್ಟುಕೊಂಡಿದ್ದೇನೆ. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಮೀನಿನ ವಿಷಯ ಮುಗಿಸುತ್ತೇನೆ. ಆರು ವಾರದ ಮೇಲೆ ತೂಗಿದಾಗ 49 ಗ್ರಾಂ. ಹಣೆಯ ಗುಳಿ ಪೂರ್ತಿ ತುಂಬಿಲ್ಲ, ಇನ್ನು ತುಂಬಲಿಕ್ಕಿಲ್ಲ. ಬೆಳೆಯುವ ಕಾಲದಲ್ಲಿ ಸೊರಗಿದ ಡಿಸ್ಕಸ್ ಆಮೇಲೆ ಎಷ್ಟು ಉಂಡರೂ ಮೊದಲಿನ ಅಳತೆಗೆ ಬೆಳೆಯುವುದು ಅಪರೂಪ. ಆದರೆ ಮೈ ಬಣ್ಣ ತಿಳಿಯಾಗಿದೆ, ಕಪ್ಪು ಹೋಗಿದೆ. ದೊಡ್ಡ ತೊಟ್ಟಿಗೆ ಒಬ್ಬೊಂಟಿಯಾಗಿ ಬಿಟ್ಟರೆ ಮತ್ತೆ ಅಟ್ಟಾಟ ಶುರುವಾದೀತೆಂದು ತೊಟ್ಟಿಯೊಳಗಿನ ಕಲ್ಲು, ಕಟ್ಟಿಗೆಗಳ ಜಾಗ ಬದಲಿಸಿ, ಎಲ್ಲರಿಗೂ ಊರೇ ಹೊಸದು ಮಾಡಿ ಬಿಟ್ಟೆ. ದೊಡ್ಡದು ಒಂದು ದಿನ ಗೊಂದಲದಲ್ಲಿ ಕಳೆಯಿತು. ಅಷ್ಟರಲ್ಲಿ ಇದು ತನಗೊಂದು ಮೂಲೆ ಹಿಡಿದುಕೊಂಡಿತು.

ಕುರ್ಚಿಯನ್ನು ಈಗ ತೊಟ್ಟಿಯ ಕಡೆಗೋಡೆಯ ಎದುರಿಗೆ ಹಾಕಿಕೊಂಡಿದ್ದೇನೆ. ಶಾಲೆಯಲ್ಲಿ ಹಾಜರಿ ಕೂಗುವಾಗ ತಲೆ ತಗ್ಗಿಸಿ ಟಿಕ್ಕು ಹಾಕುವ ಮೂವತ್ತು ವರ್ಷದ ಅಭ್ಯಾಸವನ್ನು ಬಿಟ್ಟು, ಒಂದೊಂದು ಹೆಸರಿಗೂ ಮುಖ ಎತ್ತಿ ನೋಡುತ್ತೇನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಒಂದಕ್ಕೆ ಎಂದು ಎದ್ದು ನಿಂತವರನ್ನು ಕೂಡ್ರಿಸುವುದಿಲ್ಲ. ಎರಡು ಸಲ ಎದ್ದವರನ್ನು ಕರೆದು ನೀರು ಎಷ್ಟು ಕುಡಿಯುತ್ತೀ ಎಂದು ಕೇಳುತ್ತೇನೆ. ಹುಡುಗರು ನನ್ನ ಬೆನ್ನ ಹಿಂದೆ ಇದನ್ನು ಅಣಕಿಸುತ್ತಾರೆಂದು ಗೊತ್ತು.

ಹೋದ ಸಲ ತೇರಿನ ದಿನ ಜನರ ನಡುವೆ ಆ ತಾಯಿ ಸಿಕ್ಕಿದಳು. ಮಗಳು ದಾವಣಗೆರೆಯಲ್ಲಿ ಕೆಲಸಕ್ಕಿದ್ದಾಳಂತೆ, ಚುಚ್ಚುಮದ್ದನ್ನು ತಾನೇ ಹಾಕಿಕೊಳ್ಳುತ್ತಾಳಂತೆ. “ಈಗ ಮೈ ತುಂಬ್ಕೊಂಡಾಳ್ರಿ” ಎಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತೇರು ಅಲುಗಿತು, ಎಲ್ಲರೂ ಬಾಳೆಹಣ್ಣು ಎಸೆಯುತ್ತಾ ಮುಂದೆ ನುಗ್ಗಿದರು, ಅವಳೂ ನುಗ್ಗಿದಳು. ಮುಂದಿನ ಸಲ ಸಿಕ್ಕಾಗ ತೇರಿಗೆ ಮುಂಚೆಯೇ ಹೇಳಬೇಕು.